ಗರಗಸ ನಿಲ್ಲುವ ಒಂದು ಗಂಟೆ, ನಲವತ್ತೆರಡು ಆಂಪ್

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕು ಎಂಬ ಪ್ರಶ್ನೆಗೆ ನನ್ನ ಬಳಿ ಈಗಾಗಲೇ ಏಳು ಉತ್ತರಗಳಿವೆ. ಏಳೂ ಚೆನ್ನಾಗಿಲ್ಲ.

ಮೊದಲನೆಯದು ಹೀಗಿತ್ತು: "ಶಬ್ದ ಮೊದಲು ಹುಟ್ಟಿತು, ಮೌನ ಆಮೇಲೆ." ಬರೆದು ಹತ್ತು ನಿಮಿಷ ಹೆಮ್ಮೆಯಿಂದ ಬೀಗಿದೆ. ಆಮೇಲೆ ಗಟ್ಟಿಯಾಗಿ ಓದಿಕೊಂಡೆ. ಯಾವುದೋ ದೂರದೇಶದ ಕಾದಂಬರಿ ಮೂರು ಭಾಷೆ ದಾಟಿ ಸುಸ್ತಾಗಿ ಬಂದು ನನ್ನ ಮೇಜಿನ ಮೇಲೆ ಬಿದ್ದುಕೊಂಡಂತೆ ಕೇಳಿಸಿತು. (ಕೇಳಿಸದೆ ಇನ್ನೇನು. ಆರು ವರ್ಷದಿಂದ ನಾನು ಓದುತ್ತಿರುವುದೆಲ್ಲ ಅಂಥವೇ. ನೆಗಡಿಯಾದರೆ ಅನುವಾದದಲ್ಲೇ ಸೀನುತ್ತೇನೆ.)

ಎರಡನೆಯದು ಆಸ್ಪತ್ರೆಯ ಕಾರಿಡಾರಿನಲ್ಲಿ, ಫಿನಾಯಿಲ್ ವಾಸನೆಯೊಂದಿಗೆ ಶುರುವಾಗಿತ್ತು. ಮೂರನೆಯದರಲ್ಲಿ ಈ ಕಥೆಯ ಅಕ್ಕ ಸತ್ತೇ ಹೋಗಿದ್ದಳು. ಅದನ್ನು ಅವಳೇ ಬಂದು ಹರಿದು ಹಾಕಿದಳು. ಆ ಜಗಳ ಮುಂದೆ ಬರುತ್ತದೆ. ಉಳಿದ ನಾಲ್ಕರ ಬಗ್ಗೆ ಮಾತಾಡದಿರುವುದೇ ಮರ್ಯಾದೆ.

ಗರಗಸದಿಂದ ಶುರುಮಾಡೋಣ. ಅದಕ್ಕಾದರೂ ಹಲ್ಲಿದೆ.

೧

ಕೆಳಗಿನ ಮರಗೆಲಸದ ಶೆಡ್ಡಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಗರಗಸದ ಮಷಿನ್ನು ನಿಲ್ಲುತ್ತದೆ. ಎರಡಕ್ಕೆ ಮತ್ತೆ ಶುರು. ನಡುವಿನ ಒಂದು ಗಂಟೆ ಬಡಗಿಗಳ ಊಟ. ಶಾಲೆಯೊಂದಕ್ಕೆ ಮುನ್ನೂರು ಬೆಂಚು ಮಾಡಿಕೊಡಲು ಒಪ್ಪಿಕೊಂಡ ಮೇಲೆ ಅವರಿಗೆ ಭಾನುವಾರವಿಲ್ಲ, ಸಂಜೆಯಿಲ್ಲ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಕೊಯ್ಯುವುದೇ ಕೊಯ್ಯುವುದು.

ಅದರ ಮೇಲಿನ ಮಹಡಿಯಲ್ಲಿ ಒಂದು ಕೋಣೆ. ಗೋಡೆಗೆ ಒರಗಿಸಿದ ಎರಡು ಹಾಸಿಗೆ, ಮೇಜಿನ ಮೇಲೆ ಕಂಪ್ಯೂಟರು, ಪಕ್ಕದಲ್ಲಿ ಎಲೆಕ್ಟ್ರಿಕ್ ಗಿಟಾರು, ಒಂದು ಮೈಕು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರ ಬಾಯಿಗೆ ಒಂದು ಸ್ಟೂಲು. ಹಾಡುವವರು ಕೋಟು ಕಂಬಳಿಗಳಿಗೆ ಬೆನ್ನು ಕೊಟ್ಟು ಆ ಸ್ಟೂಲಿನ ಮೇಲೆ ಕೂರಬೇಕು. ಧ್ವನಿ ಗೋಡೆಗೆ ಬಡಿದು ಗುಂಯ್ ಎನ್ನದಂತೆ ಬಟ್ಟೆಗಳು ಹೀರಿಕೊಳ್ಳುತ್ತವೆ. ಇದು ಸ್ಟುಡಿಯೋ.

ಸ್ಟುಡಿಯೋದ ಯಜಮಾನ ತಮ್ಮ. ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ. ಡಾಕ್ಟರು ತೆಗೆದ ಅಚ್ಚು ನೋಡಿಕೊಂಡು, ಕಟ್ಟಿದ ಹಲ್ಲು ಎಂದು ಯಾರಿಗೂ ಗೊತ್ತಾಗದಂಥ ಹಲ್ಲು ಮಾಡುವುದು ಅವನ ಕಸುಬು. ಸ್ಟೂಲಿನ ಮೇಲೆ ಕೂತವಳು ಅಕ್ಕ, ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಬಸ್ ನಿಲ್ದಾಣದ ಅನೌನ್ಸರ್. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಎಂದು ಹದಿನೆಂಟು ವರ್ಷದಿಂದ ಹೇಳುತ್ತಿದ್ದಾಳೆ. ಇಬ್ಬರಿಗೂ ಊಟದ ಬಿಡುವು ಒಂದರಿಂದ ಎರಡು.

ಅಕ್ಕನ ಗಂಟಲಲ್ಲಿ ಥೈರಾಯ್ಡ್ ಗಂಟು. ಪ್ರಾಣಕ್ಕೆ ಅಪಾಯವಿಲ್ಲ, ತೆಗೆಯಲೇಬೇಕು, ಇನ್ನು ಹತ್ತು ದಿನಕ್ಕೆ ಆಪರೇಷನ್ನು. ಡಾಕ್ಟರು ಕಾಗದದ ಮೇಲೆ ಗಂಟಲಿನ ಚಿತ್ರ ಬಿಡಿಸಿ, ಗಂಟಿಗೆ ಅಂಟಿಕೊಂಡಂತೆ ಒಂದು ಗೆರೆ ಎಳೆದರಂತೆ. "ಇದು ಧ್ವನಿಯ ನರ. ಬಹಳ ಜನಕ್ಕೆ ಏನೂ ಆಗಲ್ಲ. ಕೆಲವರಿಗೆ ಧ್ವನಿ ಸ್ವಲ್ಪ ಬದಲಾಗುತ್ತೆ. ನೀವೇನೂ ಹಾಡುವವರಲ್ವಲ್ಲ?"

ಅಕ್ಕ ಅಲ್ಲ ಎಂದಳು. ಮನೆಗೆ ಬಂದು ತಮ್ಮನಿಗೆ ಫೋನ್ ಮಾಡಿದಳು. "ಕಾಲೇಜಲ್ಲಿ ನಾನು ಬರೆದ ಹಾಡು ನೆನಪಿದ್ಯೇನೋ? ಅದನ್ನ ಒಂದ್ಸಲ ರೆಕಾರ್ಡ್ ಮಾಡಿಕೊಡು. ಆಮೇಲೆ ಹೇಗಾದ್ರೂ ಆಗ್ಲಿ."

ಒಟ್ಟು ಒಂಬತ್ತು ಮಧ್ಯಾಹ್ನ. ಹಾಡು ಇರುವುದು ನಾಲ್ಕು ನಿಮಿಷ.

(ಬೇರೆ ಕಡೆ ರೆಕಾರ್ಡ್ ಮಾಡಬಹುದಿತ್ತಲ್ಲ ಎನ್ನುವ ಜಾಣ ಓದುಗರೇ: ಅಕ್ಕನ ಮನೆಯಲ್ಲಿ ಒಂದು ಮಗು, ಒಂದು ಮಿಕ್ಸಿ ಮತ್ತು ಭಾವ ಇದ್ದಾರೆ. ಮೂವರಲ್ಲಿ ಯಾರೂ ಸುಮ್ಮನಿರುವ ಪೈಕಿಯಲ್ಲ. ರಾತ್ರಿ ಹತ್ತರ ಮೇಲೆ ಮಗು ಅವಳನ್ನು ಬಿಡುವುದಿಲ್ಲ.)

೨

ಈಗ ಸ್ವಲ್ಪ ಪಾಠ. ತೂಕಡಿಸಬೇಡಿ.

ಎಲೆಕ್ಟ್ರಿಕ್ ಗಿಟಾರಿಗೆ ಸ್ವಂತ ಗಂಟಲಿಲ್ಲ. ತಂತಿ ಮೀಟಿದರೆ ಸೊಳ್ಳೆಪರದೆಯ ದಾರ ಎಳೆದಷ್ಟೇ ಸದ್ದು. ಅದಕ್ಕೆ ಗಂಟಲು ಕೊಡುವುದು ಆಂಪ್ ಎಂಬ ಪೆಟ್ಟಿಗೆ. ಒಂದೊಂದು ಪೆಟ್ಟಿಗೆಗೂ ಒಂದೊಂದು ಗುಣ: ಒಂದು ಗುಡುಗುತ್ತದೆ, ಒಂದು ಜೇನು ಸುರಿಸುತ್ತದೆ, ಒಂದು ಜಗಳಕ್ಕೆ ನಿಂತ ಅತ್ತೆಯಂತೆ ಕಿರುಚುತ್ತದೆ. ತಮ್ಮನ ಬಳಿ ಇವು ಯಾವುವೂ ಇಲ್ಲ. ಅವನ ಬಳಿ ಇರುವುದು ಆಂಪ್ ಸಿಮ್ಯುಲೇಟರ್, ಅಂದರೆ ಆ ಪೆಟ್ಟಿಗೆಗಳ ವೇಷ ಹಾಕುವ ಸಾಫ್ಟ್‌ವೇರು. ಗಿಟಾರಿನ ವೈರು ನೇರವಾಗಿ ಕಂಪ್ಯೂಟರಿಗೆ ಹೋಗುತ್ತದೆ. ಪರದೆಯ ಮೇಲೆ ನಲವತ್ತೆರಡು ಆಂಪ್‌ಗಳ ಚಿತ್ರ. ಒಂದೊಂದಕ್ಕೂ ತಿರುಗಿಸಲು ಎಂಟೊಂಬತ್ತು ಗುಂಡಿ. ಯಾವ ಸ್ಪೀಕರು, ಅದರ ಮುಂದೆ ಯಾವ ಮೈಕು, ಎಷ್ಟು ದೂರದಲ್ಲಿ, ಎಂಥ ಕೋಣೆಯಲ್ಲಿ, ಎಲ್ಲವನ್ನೂ ಮೌಸಿನಿಂದ ಎಳೆದು ಕೂರಿಸಬಹುದು. ಇಲ್ಲದ ಮೈಕನ್ನು ಇಲ್ಲದ ಸ್ಪೀಕರಿನಿಂದ ಒಂದು ಬೆರಳು ಹಿಂದೆ ಸರಿಸಿ ಕಣ್ಣು ಮುಚ್ಚಿ ಕೇಳುವವನನ್ನು ನೀವು ನೋಡಿಲ್ಲವಾದರೆ, ಮನುಷ್ಯನ ಭಕ್ತಿಯನ್ನೇ ನೋಡಿಲ್ಲ.

ಇನ್ನೂ ಒಂದು ಸಂಗತಿ. ಒಳಗೆ ರೆಕಾರ್ಡ್ ಆಗುವುದು ಬರೀ ತಂತಿಯ ಬೆತ್ತಲೆ ಸದ್ದು. ವೇಷವನ್ನು ಆಮೇಲೆ ಬದಲಿಸಬಹುದು. ನಾಳೆ, ನಾಡಿದ್ದು, ಮುಂದಿನ ವರ್ಷ. ಇಲ್ಲಿ ಯಾವ ತೀರ್ಮಾನವೂ ಕೊನೆಯದಲ್ಲ. ತಮ್ಮನಂಥವನ ಕೈಗೆ (ನನ್ನಂಥವನ ಕೈಗೂ) ಇದಕ್ಕಿಂತ ಅಪಾಯದ ವಸ್ತು ಇನ್ನೊಂದಿಲ್ಲ.

೩

ಮೊದಲ ದಿನ ಅಕ್ಕ ಬೀರುವಿನಲ್ಲಿ ಕೂತಳು. "ಹಾಡ್ಲಾ?"

"ಇರಕ್ಕಾ. ಮೊದ್ಲು ಗೈಡ್ ಹಾಡಿಬಿಡು. ಅರ್ಧ ಧ್ವನೀಲಿ ಸಾಕು, ಸುಮ್ನೆ ಯಾಕೆ ಗಂಟಲು ಸವೆಸ್ತೀಯ. ಅದನ್ನ ಕೇಳ್ಕೊಂಡು ಗಿಟಾರ್ ಸೌಂಡ್ ಹೊಂದಿಸ್ತೀನಿ. ಆಮೇಲೆ ನೀನು ಪೂರ್ತಿ ಹಾಡು."

ಗೈಡ್ ಎಂದರೆ ಗುರುತಿಗೆ ಹಾಡಿಡುವುದು, ಕೆಲಸ ಮುಗಿದ ಮೇಲೆ ಅಳಿಸಿಬಿಡುವುದು. ಪಕ್ಕದವರಿಗೆ ಗುಟ್ಟು ಹೇಳುವಂತೆ ಅಕ್ಕ ಹಾಡಿದಳು.

*ಬಾಗಿಲಲಿ ನಿಂತ ಬಿಸಿಲೇ, ಒಳಗೆ ಬಾ, ಕೂತುಕೋ,*
*ಹೇಳದೆ ಹೋಗುವ ರೂಢಿಯನು ಇವತ್ತೊಂದಿನ ಬಿಡು.*

(ಪ್ರಾಸ ಕೈಕೊಟ್ಟಿದೆ, ಗೊತ್ತು. ಹತ್ತೊಂಬತ್ತನೇ ವಯಸ್ಸಿಗೆ ಬರೆದದ್ದು. ನಾನು ತಿದ್ದಿಕೊಡುತ್ತೇನೆ ಎಂದೆ. ಅಕ್ಕ ನೋಡಿದ ನೋಟಕ್ಕೆ ಪೆನ್ನು ಮುಚ್ಚಿದೆ.)

ಆಮೇಲೆ ಐವತ್ತು ನಿಮಿಷ ತಮ್ಮ ಗುಂಡಿ ತಿರುಗಿಸಿದ. ಹನ್ನೊಂದನೇ ಆಂಪ್ ತೀರಾ ಹೊಳಪು. ಹದಿನಾಲ್ಕನೆಯದು ಮಂಕು. ಹದಿನೇಳನೆಯದು ಹತ್ತಿರ ಬಂದಿತ್ತು, ಸ್ಪೀಕರು ಬದಲಿಸಿದ, ದೂರ ಹೋಯಿತು. ಅಕ್ಕ ಡಬ್ಬಿ ತೆರೆದು ಊಟ ಮಾಡಿ, ಡಬ್ಬಿ ಮುಚ್ಚಿ, ಕೋಟಿನ ತೋಳಿಗೆ ತಲೆಯಾನಿಸಿದಳು.

"ಹೀಗೇ ಕೂತ್ರೆ ನಾನೂ ಒಂದು ನುಸಿಗುಳಿಗೆ ಆಗೋಗ್ತೀನಿ ಕಣೋ."

"ಎರಡೇ ನಿಮಿಷ ಅಕ್ಕಾ."

ಕೆಳಗೆ ಗರಗಸ ಶುರುವಾಯಿತು. "ನಾಳೆ ಮೊದಲನೇ ಕೆಲಸ ನಿನ್ನದೇ," ಎಂದ ತಮ್ಮ.

ಎರಡನೇ ದಿನವೂ ಹಾಗೇ. ಮೂರನೇ ದಿನವೂ. ನಾಲ್ಕನೇ ದಿನವನ್ನು ನಾನು ಪೂರ್ತಿ ಬರೆದಿದ್ದೆ; ಓದಿದರೆ ಮೂರನೇ ದಿನವೇ ಅಂಗಿ ಬದಲಿಸಿಕೊಂಡು ಬಂದಂತಿತ್ತು. ತೆಗೆದುಹಾಕಿದೆ. ಫೈಲಿನಲ್ಲಿ ಸೇರಿದ್ದು ನಾಲ್ಕು ಗೈಡ್, ನಾಲ್ಕೂ ಅರ್ಧ ಧ್ವನಿ.

ಇದೇ ಮನುಷ್ಯನನ್ನು ಲ್ಯಾಬಿನಲ್ಲಿ ನೋಡಬೇಕು ನೀವು. ಹಲ್ಲಿನ ಬಣ್ಣ ಹೊಂದಿಸಲು ರೋಗಿಯನ್ನು ಅವನ ಬಳಿಗೇ ಕಳಿಸುತ್ತಾರೆ. ಕಿಟಕಿಯ ಬೆಳಕಿಗೆ ಕೂರಿಸಿ, ಹದಿನಾರು ಬಿಳುಪಿನ ಪಟ್ಟಿಯನ್ನು ತುಟಿಯ ಬಳಿ ಹಿಡಿದು, ಒಂದು ನಿಮಿಷದಲ್ಲಿ ಹೇಳಿಬಿಡುತ್ತಾನೆ: ಇದು. ಬಾಯಿ ತೆರೆದು ಕೂತವರನ್ನು ಕಾಯಿಸಬಾರದು ಎಂಬುದು ಅವನ ಕಸುಬಿನ ಧರ್ಮ. ಮನೆಯ ಬೀರುವಿನಲ್ಲಿ ಬಾಯಿ ತೆರೆದು ಕೂತವಳಿಗೆ ಈ ಧರ್ಮ ಯಾಕೋ ಅನ್ವಯಿಸಲಿಲ್ಲ.

೩ (ಇನ್ನೊಮ್ಮೆ, ಏಕೆಂದರೆ ನಡುವೆ ಜಗಳವಾಯಿತು)

ಈ ಹಂತದಲ್ಲಿ ನನಗೆ ಅಳುಕು ಹುಟ್ಟಿತು. ಇಬ್ಬರು ಊಟದ ಬಿಡುವಿನಲ್ಲಿ ಒಂದು ಕೋಣೆಯಲ್ಲಿ ಕೂರುವುದು, ಇದೇನು ಕಥೆ? ಗಂಟನ್ನು ಸ್ವಲ್ಪ ದೊಡ್ಡದು ಮಾಡಿ, ಅದಕ್ಕೆ ಭಯಂಕರವಾದ ಹೆಸರಿಟ್ಟು, ಎಂಟನೇ ಪುಟದ ಹೊತ್ತಿಗೆ ಅಕ್ಕನನ್ನು ಮೇಲಕ್ಕೆ ಕಳಿಸಿಕೊಟ್ಟರೆ ತೂಕ ಬರುತ್ತದೆ ಎನಿಸಿತು. ಬದಿಗಿಟ್ಟಿದ್ದ ಆ ಮೂರನೇ ಶುರುವನ್ನೇ ತೆಗೆದು ಇಲ್ಲಿಗೆ ಹೊಂದಿಸಿ ಬರೆದೂಬಿಟ್ಟೆ.

"ರೀ ಕಥೆಗಾರ್ರೇ," ಎಂದಳು ಅಕ್ಕ, ಬೀರುವಿನಿಂದ ಎದ್ದು. "ಡಾಕ್ಟ್ರೇ ಏನೂ ಆಗಲ್ಲ ಅಂದಿದ್ದಾರೆ. ನಿಮಗೇನ್ರೀ ಅವಸರ?"

"ಓದುಗರಿಗೆ ಏನಾದರೂ ಆಗಬೇಕಲ್ಲ..."

"ಧ್ವನಿ ಹೋದ್ರೆ ನನ್ನ ಕೆಲಸ ಹೋಗುತ್ತೆ, ಅದು ಏನೂ ಅಲ್ವಾ? ಬಸ್ ಸ್ಟ್ಯಾಂಡಲ್ಲಿ ಎಲ್ಲೆಲ್ಲಿಂದ್ಲೋ ಬಂದವರು, ಅಕ್ಷರ ಬಾರದವರು, ನನ್ನ ಧ್ವನಿ ನಂಬ್ಕೊಂಡು ಬಸ್ ಹತ್ತುತ್ತಾರೆ. ನನ್ನ ಮಗಳು ಅದೇ ಧ್ವನಿ ಕೇಳ್ಕೊಂಡು ಮಲಗ್ತಾಳೆ. ಸಾಯೋದೊಂದೇ ದೊಡ್ಡ ವಿಷಯ ಅಂದ್ಕೊಂಡಿದ್ದೀರಾ?"

ತಮ್ಮ ಹೆಡ್‌ಫೋನ್ ತೆಗೆದು, "ಏನಂತೆ ಅಕ್ಕಾ?" ಎಂದ.

"ಏನಿಲ್ಲ. ನಿನ್ನ ಜಾತಿಯವರೇ ಇನ್ನೊಬ್ಬರು. ಏಳು ಸಲ ಶುರುಮಾಡಿದ್ದಾರಂತೆ."

ಆ ಹಾಳೆಗಳನ್ನು ಹರಿದದ್ದು ಅವಳು. ಗುಡಿಸಿದ್ದು ನಾನು.

೫

ಐದನೇ ದಿನ. ಒಂದೂ ನಲವತ್ತು. ಮೂವತ್ತೊಂದನೇ ಆಂಪ್.

"ಒಂದು ಕೇಳ್ಲೇನೋ? ಇಷ್ಟು ದಿನದಿಂದ ಹುಡುಕ್ತಿರೋದು ಯಾವ ಸೌಂಡು?"

ತಮ್ಮನ ಮುಖ ಅರಳಿತು. ಈ ಪ್ರಶ್ನೆಗೆ ಅವನು ಐದು ದಿನದಿಂದ ಕಾಯುತ್ತಿದ್ದ. "ಕಾಲೇಜ್ ಡೇ ದಿನದ್ದು ಅಕ್ಕಾ. ನೀನು ಇದೇ ಹಾಡು ಹಾಡಿದ್ಯಲ್ಲ, ನಾನು ಹೈಸ್ಕೂಲು, ನಿನ್ನ ಪಕ್ಕ ಗಿಟಾರ್ ನುಡಿಸಿದ್ದೆ. ಬಾಡಿಗೆಗೆ ತಂದ ಆಂಪು, ಅದರ ಸ್ಪೀಕರು ಹರಿದಿತ್ತು. ಒಂಥರಾ ಒಡಕು ಧ್ವನಿ. ಅಂಥ ಸೌಂಡು ನಾನು ಮತ್ತೆ ಕೇಳೇ ಇಲ್ಲ. ಆ ಹಾಡಿಗೆ ಅದೇ ಬೇಕು. ಇಡೀ ಹಾಲ್ ಹೇಗೆ ಕೇಳ್ತು ನೆನಪಿದ್ಯಾ?"

ಅಕ್ಕ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. ಆಮೇಲೆ, ಅಂಕಣ ಬದಲಾಗಿದೆ ಎಂದು ತಿಳಿಸುವಷ್ಟೇ ಶಾಂತವಾಗಿ ಹೇಳಿದಳು:

"ಅವತ್ತು ನನ್ನ ಮೈಕ್ ಕೆಲಸ ಮಾಡ್ಲಿಲ್ಲ ಕಣೋ."

"ಏನು?"

"ಮೊದಲನೇ ಸಾಲಿಗೇ ಸತ್ತೋಯ್ತು. ನಾನು ಪೂರ್ತಿ ಹಾಡಿದೆ. ಯಾರಿಗೂ ಕೇಳ್ಲಿಲ್ಲ. ನಿನ್ನ ಗಿಟಾರೊಂದೇ ಕೇಳಿದ್ದು. ಚಪ್ಪಾಳೆ ಹೊಡೆದ್ರು, ನೀನು ಬಗ್ಗಿ ನಮಸ್ಕಾರ ಮಾಡ್ದೆ. ಅಷ್ಟು ಖುಷಿಯಾಗಿದ್ದೆ, ಹೇಳೋಕೆ ಮನಸ್ಸಾಗ್ಲಿಲ್ಲ."

ಹತ್ತೊಂಬತ್ತು ವರ್ಷದಿಂದ ತಮ್ಮ ತನ್ನ ತಲೆಯಲ್ಲಿಟ್ಟುಕೊಂಡು ಮುದ್ದಾಡಿದ ಆ ಸಂಜೆಯಲ್ಲಿ ಅಕ್ಕ ಹಾಡುತ್ತಿದ್ದಳು. ಈಗ ನೆನೆದುಕೊಂಡರೆ ಅವಳ ಬಾಯಿ ಆಡುವುದು ಕಾಣಿಸಿತು. ಧ್ವನಿ ಎಲ್ಲಿ ಎಂದು ಹುಡುಕಿದ. ಇರಲಿಲ್ಲ. ಎಂದೂ ಇದ್ದಿರಲೇ ಇಲ್ಲ.

"ಬರ್ತೀನಿ, ಎರಡಾಯ್ತು," ಎಂದು ಅಕ್ಕ ಡಬ್ಬಿ ಹಿಡಿದು ಮೆಟ್ಟಿಲಿಳಿದಳು. ಗರಗಸ ಶುರುವಾಯಿತು. ಕಿಟಕಿ ಗಾಜು ನಡುಗತೊಡಗಿತು. ತಮ್ಮನ ಕೈ ತನಗೆ ತಾನೇ ಗಿಟಾರಿನ ಮೇಲೆ ಹೋಗಿ ಒಂದು ಸ್ವರ ಮೀಟಿತು. ಹೆಡ್‌ಫೋನಿನಲ್ಲಿ ಅದು ಸ್ವಚ್ಛವಾಗಿ ಕೇಳಿತು. ಗರಗಸದ ಗೀರೂ ಇಲ್ಲ.

ಇರುವುದಾದರೂ ಹೇಗೆ? ಗಿಟಾರು ಬರುವುದು ವೈರಿನಲ್ಲಿ. ಅದಕ್ಕೆ ಮೈಕಿಲ್ಲ. ಗರಗಸ ಕೂಗಲಿ, ಛಾವಣಿ ಕುಸಿಯಲಿ, ಗಿಟಾರಿನ ಕೆಲಸವನ್ನು ಯಾವ ಹೊತ್ತಿನಲ್ಲಾದರೂ ಮಾಡಿಕೊಳ್ಳಬಹುದಿತ್ತು. ನಿಶ್ಶಬ್ದ ಬೇಕಾಗಿದ್ದು ಅಕ್ಕನಿಗೊಬ್ಬಳಿಗೇ. ದಿನಕ್ಕೆ ಒಂದೇ ಗಂಟೆ ಸಿಗುವ ಆ ನಿಶ್ಶಬ್ದವನ್ನು ಅವನು ಐದು ದಿನವೂ ಗಿಟಾರಿಗೆ ಬಡಿಸಿದ್ದ.

(ಓದುಗರೇ, ನಿಮಗಿದು ಎರಡನೇ ಭಾಗದಲ್ಲೇ ಹೊಳೆದಿರಬಹುದು. ನನಗೆ ಹೊಳೆದದ್ದು ಐದನೆಯದನ್ನು ಬರೆಯುವಾಗ. ತಮ್ಮನಿಗೆ ನಾನು ಬಯ್ಯುವುದಿಲ್ಲ.)

ಇನ್ನೂ ನಾಲ್ಕು ಮಧ್ಯಾಹ್ನ ಉಳಿದಿವೆ, ನಾಳೆ ಗಿಟಾರಿನ ವೈರನ್ನೇ ಕಿತ್ತಿಡುತ್ತೇನೆ ಎಂದುಕೊಂಡ. ಇಲ್ಲಿಗೆ ಮುಗಿಸಿದ್ದರೆ ನೀತಿಕಥೆಯಾಗುತ್ತಿತ್ತು. ಆದರೆ ಅಕ್ಕ ಮೆಟ್ಟಿಲು ಹತ್ತಿ ವಾಪಸ್ ಬಂದಳು, ಕೈಯಲ್ಲಿ ಫೋನು.

"ಆಸ್ಪತ್ರೆಯವರು. ಸರ್ಜನ್ನು ಮುಂದಿನ ವಾರ ಊರಲ್ಲಿರಲ್ವಂತೆ. ನಾಳೆ ಬೆಳಿಗ್ಗೆನೇ ಆಪರೇಷನ್ನು. ಇವತ್ತು ಐದು ಗಂಟೆಗೆ ಅಡ್ಮಿಟ್ ಆಗ್ಬೇಕಂತೆ."

ಗರಗಸದ ಸದ್ದಿನಲ್ಲಿ ಅವಳು ಇದನ್ನು ಎರಡು ಸಲ ಹೇಳಬೇಕಾಯಿತು.

೬

ಇಲ್ಲಿ ನಾನು ನಡುವೆ ಬಾಯಿ ಹಾಕಿದೆ. ಕಥೆಗಾರನೆಂದ ಮೇಲೆ ಅಷ್ಟಾದರೂ ಅಧಿಕಾರ ಬೇಡವೇ?

"ಕರೆಂಟ್ ತೆಗೆದುಬಿಡಲಾ?" ಎಂದು ತಮ್ಮನನ್ನು ಕೇಳಿದೆ. "ಇಡೀ ಬೀದಿಗೆ. ಗರಗಸ ನಿಲ್ಲುತ್ತದೆ."

"ನನ್ನ ಕಂಪ್ಯೂಟ್ರೂ ನಿಲ್ಲುತ್ತೆ ಸರ್."

"ಹಾಗಾದರೆ ಬ್ಲೇಡು ಮುರಿಸಲಾ?"

"ಯಾರದಾದ್ರೂ ಕೈ ಹೋದ್ರೆ?" ಎಂದಳು ಅಕ್ಕ. "ನೀವು ಸುಮ್ನಿರಿ. ಹೋಗೋ, ಕೆಳಗೆ ಹೋಗಿ ಕೇಳು."

ಕೇಳುವುದು. ನಾವಿಬ್ಬರೂ ಯೋಚಿಸಿರದಿದ್ದ ಉಪಾಯ. ತಮ್ಮ ಮೂರು ವರ್ಷದಿಂದ ಆ ಶೆಡ್ಡಿನ ಮುಂದೆ ತಲೆ ತಗ್ಗಿಸಿ ಓಡಾಡಿದವನು. ಕೆಳಗಿಳಿದು ಬಾಗಿಲಲ್ಲಿ ನಿಂತ. ಹೊಟ್ಟಿನ ಧೂಳಿನಲ್ಲಿ ಹಿರಿಯ ಬಡಗಿ ಮಷಿನ್ನು ನಿಲ್ಲಿಸಿ, ಕಿವಿಯ ಹತ್ತಿ ತೆಗೆದರು.

"ಅಣ್ಣಾ, ಒಂದು ನಾಲ್ಕು ನಿಮಿಷ ನಿಲ್ಸೋಕಾಗುತ್ತಾ? ಅಕ್ಕ ಹಾಡ್ಬೇಕು. ನಾಳೆ ಅವಳ ಗಂಟಲು ಆಪರೇಷನ್ನು."

"ಅನೌನ್ಸ್ ಮಾಡೋ ಅಕ್ಕನಾ?"

"ಹೌದು."

"ಊಟದ ಹೊತ್ತಲ್ಲೇ ಹಾಡಿಸ್ಬಹುದಿತ್ತಲ್ಲಪ್ಪ. ಐದು ದಿನದಿಂದ ಮೇಲೆ ಬರೀ ಟಿಣಿಟಿಣಿ ಅಂತೀಯ, ಇವನೇನು ಗಿಟಾರ್ ರಿಪೇರಿ ಮಾಡ್ತಾನಾ ಅಂತ ನಾವು ಮಾತಾಡ್ಕೋತಿದ್ವಿ."

ನಲವತ್ತೆರಡು ಆಂಪ್‌ಗಳ ಗುಡುಗು, ಜೇನು, ಕಿರುಚಾಟ ಎಲ್ಲ ನಡೆದದ್ದು ಹೆಡ್‌ಫೋನಿನ ಒಳಗೆ. ಜಗತ್ತಿಗೆ ತಲುಪಿದ್ದು ಟಿಣಿಟಿಣಿ.

"ಹೋಗು, ಹಾಡ್ಸು," ಎಂದರು ಬಡಗಿ. "ಯಾವತ್ತು ಕೇಳಿದ್ರೂ ನಿಲ್ಲಿಸ್ತಿದ್ವಲ್ಲಯ್ಯ."

೭

ಅಕ್ಕ ಸ್ಟೂಲಿನ ಮೇಲೆ ಕೂತಳು. "ಗಿಟಾರ್ ಆಚೆ ಇಡು. ಕೈಗೆ ಸಿಕ್ಕಿದ್ರೆ ಏನಾದ್ರೂ ತಿರುಗಿಸ್ತೀಯ."

ತಮ್ಮ ಗಿಟಾರನ್ನು ಹಾಸಿಗೆಗೆ ಒರಗಿಸಿದ. ರೆಕಾರ್ಡ್ ಗುಂಡಿ ಒತ್ತಿ, ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ.

ಅಕ್ಕ ಹಾಡಿದಳು. ಅರ್ಧ ಧ್ವನಿಯಲ್ಲಲ್ಲ. ಹದಿನೆಂಟು ವರ್ಷ ಇಂಜಿನ್ನುಗಳ ಗದ್ದಲವನ್ನು ಸೀಳಿ ಕೊನೆಯ ಬೆಂಚಿನ ಮುದುಕಿಗೂ ತಲುಪಿದ ಧ್ವನಿ ಅದು. ಬಹಳ ಸಿಹಿಯೇನಲ್ಲ, ನಡುವೆ ಒಂದು ಒರಟು ಎಳೆಯಿದೆ. "ಒಳಗೆ ಬಾ" ಎನ್ನುವ ಮೊದಲು ಅರೆಗಳಿಗೆ ನಿಂತಳು. ಅಂಕಣದ ಸಂಖ್ಯೆ ಹೇಳುವ ಮೊದಲು, ಎಲ್ಲರೂ ತಲೆಯೆತ್ತಲಿ ಎಂದು ಅವಳು ಬಿಡುವ ಬಿಡುವು ಅದು. ಕೆಲಸ ಅವಳ ಹಾಡಿನೊಳಗೆ ಬಂದು ಕೂತಿತ್ತು. ಈ ಹಾಡನ್ನು ಹೀಗೆ ಹತ್ತೊಂಬತ್ತರಲ್ಲಿ ಹಾಡಲು ಅವಳಿಂದಲೂ ಆಗುತ್ತಿರಲಿಲ್ಲ.

ಮೂರನೇ ಚರಣದಲ್ಲಿ ಉಸಿರು ತಪ್ಪಿತು. ಒಂದು ಕಡೆ ಧ್ವನಿ ಜೋರಾಗಿ ಪರದೆಯ ಮೇಲೆ ಕೆಂಪು ದೀಪ ಮಿಂಚಿತು. ತಮ್ಮನ ಕೈ ತೊಡೆಯ ಕೆಳಗೆ ಅಲುಗಿತು. ಅಲ್ಲೇ ಇತ್ತು.

ಹಾಡು ಮುಗಿಯಿತು. ಕೆಳಗೆ ಇನ್ನೂ ನಿಶ್ಶಬ್ದ.

"ಇನ್ನೊಂದ್ಸಲ ಹಾಡ್ಲಾ? ಮಧ್ಯ ಉಸಿರು ತಪ್ತು."

ಹೂಂ ಅನ್ನು ಎಂದು ನಾನು ಅವನ ಕಿವಿಯಲ್ಲಿ ಪಿಸುಗುಟ್ಟಿದೆ. ಒಂದೇ ಒಂದು ಸಲ, ಸುರಕ್ಷತೆಗೆ.

"ಬೇಡಕ್ಕಾ. ಇದು," ಎಂದ ತಮ್ಮ.

೮ (ಇಲ್ಲಿಂದ ಮುಂದೆ ಆಯ್ಕೆಗಳು)

ಅ. ಆಪರೇಷನ್ ಸಲೀಸು. ಅಕ್ಕನ ಧ್ವನಿಗೆ ಕೂದಲೂ ಕೊಂಕಲಿಲ್ಲ. ಹತ್ತನೇ ದಿನ ನಿಲ್ದಾಣದಲ್ಲಿ ಮತ್ತೆ ಅವಳದೇ ದನಿ, ಜನ ತಲೆಯೆತ್ತುತ್ತಾರೆ. ಬರೆದು ನೋಡಿದೆ. ಸಕ್ಕರೆ ಹೆಚ್ಚಾಯಿತು. ಇರುವೆ ಬರುತ್ತದೆ.

ಆ. ಧ್ವನಿ ಹೋಯಿತು. ಉಳಿದದ್ದು ಆ ನಾಲ್ಕು ನಿಮಿಷ. ಮಗಳು ಅದನ್ನು ಕೇಳುತ್ತ ಮಲಗುತ್ತಾಳೆ, ಓದುಗರು ಕಣ್ಣೊರೆಸಿಕೊಳ್ಳುತ್ತಾರೆ, ನನಗೆ ಒಂದು ಬಹುಮಾನ. ಅಡ್ಮಿಟ್ ಆಗಲು ಚೀಲಕ್ಕೆ ಬಟ್ಟೆ ತುಂಬುತ್ತಿದ್ದ ಅಕ್ಕ ತಲೆಯೆತ್ತಿದಳು. "ನನ್ನ ಗಂಟಲು ಕುಯ್ದು ನಿಮ್ಮ ಕಥೆಗೆ ಮರ್ಯಾದೆ ತರ್ಬೇಡಿ."

ಇ. ಆಪರೇಷನ್ ಏನಾದರೂ ಆಗಲಿ, ಫೈಲೇ ಹಾಳಾಯಿತು. ಎಲ್ಲವೂ ಶೂನ್ಯ. (ಇಂಥದ್ದೆಂದರೆ ನನಗೆ ಪ್ರಾಣ.) ತಮ್ಮ ಬಹಳ ವಿನಯದಿಂದ, "ಮೂರು ಕಡೆ ಕಾಪಿ ಇಟ್ಟಿದ್ದೀನಿ ಸರ್. ಒಂದು ಬಡಗಿ ಅಣ್ಣನ ಫೋನಲ್ಲೂ ಇದೆ, ಕೇಳಿ ಇಸ್ಕೊಂಡ್ರು," ಎಂದ.

ಹಾಗಾಗಿ ನಾನು ಬರೆಯುವುದನ್ನು ನಿಲ್ಲಿಸಿದೆ. ಮಾರನೇ ದಿನ ಬೆಳಿಗ್ಗೆ ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು, ಬಾಗಿಲು ಮುಚ್ಚಿತು, ಹೊರಗಿನ ಬೆಂಚಿನ ಮೇಲೆ ತಮ್ಮನನ್ನು ಕೂರಿಸಿ ನಾನು ಎದ್ದು ಬಂದೆ. ಇಲ್ಲೇ ಬಿಡುವುದು ಲಕ್ಷಣ. ಮುಚ್ಚಿದ ಬಾಗಿಲೇ ಕೊನೆಯ ಸಾಲು. ಓದುಗರು ಊಹಿಸಿಕೊಳ್ಳಲಿ. ನನಗೂ ತೀರ್ಮಾನದ ಉಸಾಬರಿಯಿಲ್ಲ.

ಎರಡು ದಿನ ಬಿಟ್ಟು ಹಾಳೆ ತೆಗೆದು ನೋಡಿದರೆ ತಮ್ಮ ಅದೇ ಬೆಂಚಿನ ಮೇಲಿದ್ದ.

"ಬಾಗಿಲು ತೆಗೀರಿ ಸರ್."

"ತೆಗೆದರೆ ಅವಳು ಮಾತಾಡಬೇಕಾಗುತ್ತದೆ."

"ಮಾತಾಡ್ಲಿ."

"ಹೇಗಿರಬೇಕು ಅಂತ ನಾನಿನ್ನೂ ನಿರ್ಧರಿಸಿಲ್ಲ."

"ನೀವು ನಿರ್ಧರಿಸೋದಲ್ಲ ಅದು," ಎಂದು ತಮ್ಮ ತಾನೇ ಎದ್ದು ಬಾಗಿಲು ತಳ್ಳಿದ.

ಒಳಗೆ ಆರು ಮಂಚ. ಕಿಟಕಿಯ ಪಕ್ಕದ ಮಂಚದಲ್ಲಿ ಅಕ್ಕ, ಕತ್ತಿಗೆ ಬಿಳಿ ಪಟ್ಟಿ. ನರ್ಸು ದಿಂಬು ಎತ್ತರಿಸುತ್ತ, "ಏನಾದ್ರೂ ಮಾತಾಡಿ ನೋಡೋಣ, ಮೆಲ್ಲಗೆ," ಎನ್ನುತ್ತಿದ್ದಳು. ಅಕ್ಕ ತಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬಾಯಿ ತೆರೆದಳು.

"ಚಪ್ಪಲಿ ಉಲ್ಟಾ ಹಾಕ್ಕೊಂಡಿದ್ದೀಯಲ್ಲೋ."

ನಾನು ಪೆನ್ನು ಹಿಡಿದು ಮುಂದಕ್ಕೆ ಬಾಗಿದೆ. "ಹೇಗಿತ್ತು?" ಎಂದು ಕೇಳಿದೆ. "ಧ್ವನಿ ಹೇಗಿತ್ತು?"

"ಕೇಳಿಸ್ತಲ್ಲ ಸರ್."

"ನನಗೆ ಕೇಳಿಸಲಿಲ್ಲ. ನನಗೆ ಕಂಡದ್ದು ಮೂರು ಪದ."

ತಮ್ಮ ಹೋಗಿ ಮಂಚದ ಅಂಚಿಗೆ ಕೂತು, ಬಗ್ಗಿ, ಬಲಗಾಲಿನದನ್ನು ಎಡಗಾಲಿಗೆ ಹಾಕಿಕೊಳ್ಳತೊಡಗಿದ. ಅಕ್ಕ ಇನ್ನೂ ಏನೋ ಹೇಳುತ್ತಿದ್ದಳು.